ಘಾಟಿ ಹತ್ತದ ಕಂಪ್ಯೂಟರ್

ಅಜ್ಜಂಪುರದ ರುದ್ರಮೂರ್ತಿ ಲಾರಿಯ ಕೀಲಿಯನ್ನು ಯಾರೂ ಕೇಳದೆ ತಾನಾಗಿಯೇ ಧಣಿಯ ಕೈಗೆ ಕೊಟ್ಟು ಬಂದ. ಡ್ರೈವರುಗಳಲ್ಲಿ ಹಾಗೆ ಮಾಡುವವರು ಕಡಿಮೆ. ಕಣ್ಣು ಮಂಜಾದರೂ ಪಕ್ಕದಲ್ಲಿ ಚುರುಕಿನ ಕ್ಲೀನರನ್ನು ಕೂರಿಸಿಕೊಂಡು ವರ್ಷಗಟ್ಟಲೆ ದೂಡಿದವರನ್ನು ಅವನೇ ಕಂಡಿದ್ದ. ಅವನಿಗೆ ಆ ಧೈರ್ಯ ಸಾಲಲಿಲ್ಲ.

ತರೀಕೆರೆ ದಾಟಿ ಬರುವಾಗ, ಹೊತ್ತು ಇಳಿಯುತ್ತಿದ್ದ ಸಮಯದಲ್ಲಿ, ರಸ್ತೆ ಬದಿಗೆ ನಿಲ್ಲಿಸಿದ್ದ ಹುಲ್ಲಿನ ಟ್ರ್ಯಾಕ್ಟರು ಅವನ ಕಣ್ಣಿಗೆ ಬೀಳಲೇ ಇಲ್ಲ. ಲಾರಿಯ ಎಡಗಡೆ ಕನ್ನಡಿ ಕಿತ್ತು ಹೋಯಿತು, ಅಷ್ಟೇ. ಆದರೆ ಅವನು ಇಳಿದು ಹಿಂದಕ್ಕೆ ನಡೆದು ಹೋದಾಗ ಟ್ರ್ಯಾಕ್ಟರಿನ ಮರೆಯಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದ ಹೆಂಗಸೊಬ್ಬಳು ಎದ್ದು ನಿಂತು ಅವನ ಮುಖವನ್ನೇ ನೋಡಿದಳು. ಬೈಯಲಿಲ್ಲ, ಕೂಗಲಿಲ್ಲ. ಕೈಯಲ್ಲಿದ್ದ ರೊಟ್ಟಿಯನ್ನು ಮತ್ತೆ ಬಟ್ಟೆಯೊಳಗೆ ಸುತ್ತಿಕೊಂಡಳು. ಅವಳು ಬಾಯಿಗೆ ಬಂದಂತೆ ಬೈದಿದ್ದರೆ ಬಹುಶಃ ಅವನು ಇನ್ನೊಂದು ವರ್ಷ ಓಡಿಸುತ್ತಿದ್ದ.

ಅಜ್ಜಂಪುರದ ಈರುಳ್ಳಿಯನ್ನು ಚಾರ್ಮಾಡಿ ಘಾಟಿ ಇಳಿಸಿ ಮಂಗಳೂರಿಗೆ, ಕಡೂರಿನ ತೆಂಗಿನಕಾಯಿಯನ್ನು ಸೊಲ್ಲಾಪುರ ದಾಟಿ ಉತ್ತರಕ್ಕೆ. ಇದೇ ಅವನ ಜೀವಮಾನದ ಕೆಲಸ. ದೂರದ ಲೋಡಿಗೆ ಜೊತೆ ಡ್ರೈವರ್ ಆಗಿ ಬರುತ್ತಿದ್ದವರು ಕಡೂರಿನ ಮಹಬೂಬ್ ಸಾಬ್. ಒಬ್ಬರು ಓಡಿಸಿದರೆ ಇನ್ನೊಬ್ಬರು ಸೀಟಿನ ಹಿಂದೆ ಮಲಗುವುದು. ಹೆಂಡತಿ ಹಾಲಮ್ಮನ ಜೊತೆ ಕಳೆದದ್ದಕ್ಕಿಂತ ಹೆಚ್ಚು ದಿನ ಸಾಬರ ಜೊತೆ ಕಳೆದಿದ್ದಾನೆಂದು ಅವನೇ ನಗುತ್ತಿದ್ದ. ಸಕ್ಕರೆ ಕಾಯಿಲೆ ಯಾವಾಗ ಬಂತೋ ಅವನಿಗೂ ಗೊತ್ತಿಲ್ಲ. ಢಾಬಾದ ಚಹಾ ಕುಡಿದುಕೊಂಡು ಓಡಾಡಿದ. ಅದು ಒಳಗೊಳಗೇ ಕಣ್ಣಿನ ನರಗಳಿಗೆ ಇಳಿಯಿತು. ಶಿವಮೊಗ್ಗದ ಕಣ್ಣಾಸ್ಪತ್ರೆಯಲ್ಲಿ ಲೇಸರ್ ಹೊಡೆದರು, ಕಣ್ಣಿನೊಳಕ್ಕೇ ಇಂಜೆಕ್ಷನ್ ಕೊಟ್ಟರು. ಇರುವಷ್ಟನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ, ತಪ್ಪಿಸದೆ ಬರುತ್ತಿರಬೇಕು ಎಂದರು.

ಕೀಲಿ ಕೊಟ್ಟು ಬಂದ ಮೇಲೆ ಅವನು ಜಗಲಿಯಲ್ಲಿ ಕೂರತೊಡಗಿದ. ಬೀದಿಯಲ್ಲಿ ಬಸ್ಸು ಗೇರು ಬದಲಾಯಿಸಿದ ಸದ್ದು ಕೇಳಿದರೆ ಅವನ ಎಡಗಾಲು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು. ಅದನ್ನು ಮೊದಲು ಕಂಡವಳು ಮಗಳು ಸಂಗೀತಾ. ಅವಳು ಕಡೂರಿನಲ್ಲಿ ಜನರಿಗೆ ಅರ್ಜಿ ತುಂಬಿಕೊಡುವ ಆನ್‌ಲೈನ್ ಸೆಂಟರ್ ಒಂದರಲ್ಲಿ ಕೆಲಸಕ್ಕಿದ್ದಳು. ದಿನವೂ ಬೆಳಿಗ್ಗೆ ಹೋಗಿ ಸಂಜೆ ಬರುವವಳು. ಒಂದು ಸಂಜೆ ಚಪ್ಪಲಿ ಬಿಡುತ್ತಾ ನಿಂತವಳು ಅಪ್ಪನ ಕಾಲನ್ನೇ ನೋಡಿ ಒಳಗೆ ಹೋದಳು.

ಸ್ವಲ್ಪ ದಿನ ಕಳೆದ ಮೇಲೆ ಅವಳು ಅವನನ್ನು ತರೀಕೆರೆಗೆ ಕರೆದುಕೊಂಡು ಹೋದಳು. ಅಲ್ಲಿ ಜಬೀವುಲ್ಲಾ ಎಂಬುವನು ಹುಡುಗರಿಗೆ ಗೇಮ್ ಆಡಿಸುವ ಅಂಗಡಿ ಇಟ್ಟಿದ್ದ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಅದು ಮುಚ್ಚಿಹೋಗಿ, ಈಗ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದ. ಅವನ ಅಂಗಡಿಯ ಮೂಲೆಯಲ್ಲಿ ಒಂದು ಸ್ಟೇರಿಂಗು, ಕೆಳಗೆ ಪೆಡಲುಗಳು, ಎದುರಿಗೆ ದೊಡ್ಡ ಪರದೆ.

“ಕೂತ್ಕಳಿ ಅಣ್ಣಾ, ಗಾಡಿ ರೆಡಿ ಐತೆ” ಎಂದ ಜಬೀವುಲ್ಲಾ.

ರುದ್ರಮೂರ್ತಿಗೆ ನಾಚಿಕೆಯಾಯಿತು. ಕೂದಲು ನೆರೆತ ಮೇಲೆ ಆಟದ ಸ್ಟೇರಿಂಗು ಹಿಡಿಯುವುದೇ? ಆದರೂ ಕೂತ. ಪರದೆಯ ಮೇಲೆ ಲಾರಿಯ ಒಳಗು ಮೂಡಿತು. ನಮ್ಮ ಕಡೆಯದೇ ಲಾರಿ, ಗಾಜಿನ ಮೇಲೆ ದೇವರ ಪಟ, ನಿಂಬೆಹಣ್ಣು ಮೆಣಸಿನಕಾಯಿ ಕೂಡ. ನಮ್ಮ ದೇಶದ ರಸ್ತೆಗಳನ್ನು ಯಾರೋ ಮಾಡಿ ಆಟಕ್ಕೆ ಸೇರಿಸಿದ್ದಾರೆಂದು ಸಂಗೀತಾ ವಿವರಿಸುತ್ತಿದ್ದಳು, ಅವನಿಗೆ ಕೇಳಿಸಲಿಲ್ಲ. ಕೈ ಗೇರಿಗೆ ಹೋಗಿತ್ತು. ದೊಡ್ಡ ಪರದೆಯ ಮೇಲೆ, ಎದುರಿಗೇ ಬೆಳಕು ಇದ್ದದ್ದರಿಂದ, ಮಂಜು ಕಣ್ಣಿಗೂ ರಸ್ತೆ ಕಂಡಿತು. ಯಾರಿಗೂ ಗುದ್ದುವ ಭಯವಿಲ್ಲದ ರಸ್ತೆ. ಬಸ್ಸಿಗೆ ಹೊತ್ತಾಯಿತೆಂದು ಮಗಳು ಭುಜ ಮುಟ್ಟುವವರೆಗೆ ಅವನು ಏಳಲಿಲ್ಲ.

“ನಮ್ಮನೇಲೂ ಇದಾಯ್ತದಾ?” ಎಂದು ಬಸ್ಸಿನಲ್ಲಿ ಕೇಳಿದ. ಅವನು ಮಗಳ ಹತ್ತಿರ ಏನನ್ನಾದರೂ ಬೇಕೆಂದು ಕೇಳಿದ್ದು ಅದೇ ಮೊದಲು.

ಸ್ಟೇರಿಂಗು, ಪರದೆ, ಆಟದ ಚಿತ್ರಗಳನ್ನು ಮೂಡಿಸುವ ಹಳೆಯ ಗ್ರಾಫಿಕ್ಸ್ ಕಾರ್ಡು, ಎಲ್ಲವೂ ಜಬೀವುಲ್ಲಾನ ಹತ್ತಿರವೇ ಸಿಕ್ಕವು. ಕರೆಂಟನ್ನು ಹದ ಮಾಡಿ ಒಳಗಿನ ಭಾಗಗಳಿಗೆಲ್ಲ ಹಂಚುವ ಡಬ್ಬಿ, ರಿಪೇರಿಯವರು ಎಸ್‌ಎಂಪಿಎಸ್ ಎನ್ನುವ ಪವರ್ ಸಪ್ಲೈ, ಅದು ಮಾತ್ರ ಒಳ್ಳೆಯದು ಅವನ ಹತ್ತಿರ ಉಳಿದಿರಲಿಲ್ಲ. ಕ್ಯಾಬಿನೆಟ್ಟಿನ ಜೊತೆಗೇ ಬಂದಿದ್ದ ಮಾಮೂಲಿ ಒಂದನ್ನು ಹಾಕಿದ. “ಎಳೀಬೋದು ಅಕ್ಕಾ. ಎಳೀದಿದ್ರೆ ಬದಲಾಯ್ಸಣ” ಎಂದ.

ಅದು ಎಳೆಯಲಿಲ್ಲ.

ಮನೆಯ ನಡುಕೋಣೆಯಲ್ಲಿ ಕಂಪ್ಯೂಟರ್ ಕೂರಿಸಿದ ಭಾನುವಾರ ಮಹಬೂಬ್ ಸಾಬರೂ ಬಂದಿದ್ದರು. ರುದ್ರಮೂರ್ತಿ ಲಾರಿ ಹೊರಡಿಸಿದ. ಬಯಲು ದಾರಿಯಲ್ಲಿ ಅಡ್ಡಿಯಿಲ್ಲದೆ ಹೋಯಿತು. ಸಾಬರು ಕುರ್ಚಿಯ ಅಂಚಿಗೆ ಬಂದು, “ಎಡಕ್ಕೆ ಹಿಡಿ, ಎಡಕ್ಕೆ ಹಿಡಿ ಮೂರ್ತಣ್ಣ” ಎನ್ನತೊಡಗಿದರು. ಹಾಲಮ್ಮ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಹಿಡಿದು ನಕ್ಕಳು. ದಾರಿ ಏರತೊಡಗಿತು. ಮರಗಳು ಒತ್ತಾದವು, ಮೋಡ, ಬಂಡೆ, ಎದುರಿನಿಂದ ಬರುವ ಗಾಡಿಗಳು. ರುದ್ರಮೂರ್ತಿ ಗೇರು ಇಳಿಸಿ ಮೊದಲ ತಿರುವಿಗೆ ಸ್ಟೇರಿಂಗು ತಿರುಗಿಸಿದ. ಟಪ್ ಎಂದು ಎಲ್ಲವೂ ಕಪ್ಪಾಯಿತು.

“ಬಂದ್ ಬಿತ್ತಾ? ಕ್ಲಚ್ಚು ಬಿಟ್ಬಿಟ್ನಾ?” ಎಂದ ಅವನು, ನಿಜವಾಗಿಯೂ ತನ್ನದೇ ತಪ್ಪೆಂದುಕೊಂಡು.

ಮತ್ತೆ ಹಾಕಿದರು. ಮತ್ತೆ ಘಾಟಿಯ ಬುಡದಲ್ಲಿ ಕಪ್ಪು. ಪಂಪ್‌ಸೆಟ್ಟಿನವರು ಮೋಟಾರು ಹಾಕುವ ಹೊತ್ತು, ವೋಲ್ಟೇಜ್ ಬಿದ್ದಿರಬೇಕೆಂದು ಸಾಬರು ಹೇಳಿದರು. ಅಜ್ಜಂಪುರದಲ್ಲಿ ಅದನ್ನು ಅಲ್ಲಗಳೆಯುವವರು ಯಾರು? ಸ್ಟೆಬಿಲೈಜರ್ ತಂದರು. ಬಲ್ಬು ಒಂದೇ ಸಮನೆ ಉರಿಯುವ ಹೊತ್ತು ನೋಡಿ ಕೂತರು. ಲಾರಿ ಬಯಲಿನಲ್ಲಿ ಓಡುತ್ತಿತ್ತು. ಏರು ಬಂದ ಕೂಡಲೇ ಕಂಪ್ಯೂಟರ್ ಸಾಯುತ್ತಿತ್ತು. ಕೊನೆಗೆ ಫೋನಿನಲ್ಲಿ ಜಬೀವುಲ್ಲಾ, ಮರ ಮೋಡ ಬಂಡೆ ಎಲ್ಲ ಒಟ್ಟಿಗೆ ಬಂದು ಕಾರ್ಡಿಗೆ ಭಾರ ಬಿದ್ದಾಗ ಎಸ್‌ಎಂಪಿಎಸ್ ತಾಳುತ್ತಿಲ್ಲ, ಹೆಚ್ಚು ವಾಟ್‌ನದು ಹಾಕಿಸಿ ಎಂದ.

ಕಡೂರಿನ ಒಂದು ಅಂಗಡಿಯಿಂದ ಸಂಗೀತಾ ಹೊಸದೊಂದನ್ನು ತಂದಳು. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಆರುನೂರು ವಾಟ್ ಎಂದಿತ್ತು. ರುದ್ರಮೂರ್ತಿ ಅದನ್ನು ಅಂಗೈಯಲ್ಲಿಟ್ಟು ತೂಗಿದ.

“ಇದೇನವ್ವಾ, ಖಾಲಿ ಡಬ್ಬಿ ಇದ್ದಂಗೈತೆ?”

“ಹೊಸ ಮಾಡೆಲ್ಲು ಕಣಪ್ಪಾಜಿ. ಈಗೆಲ್ಲಾ ಹಗುರಾಗೇ ಬರೋದಂತೆ.”

ಆ ಸಲ ಲಾರಿ ಘಾಟಿಯ ಎರಡು ತಿರುವು ಹತ್ತಿತು. ರುದ್ರಮೂರ್ತಿಗೆ ಎಷ್ಟೋ ತಿಂಗಳ ನಂತರ ಬೆನ್ನು ನೆಟ್ಟಗಾಯಿತು. ಎದುರಿನಿಂದ ಬಂದ ಬಸ್ಸಿಗೆ ದಾರಿ ಬಿಟ್ಟು, ಕೈ ಹೊರಗೆ ಹಾಕುವವನಂತೆ ಬಲಗೈಯನ್ನು ಕುರ್ಚಿಯ ಆಚೆಗೆ ಚಾಚಿದ. ಮೂರನೆಯ ತಿರುವಿನಲ್ಲಿ ಡಬ್ಬಿಯೊಳಗಿಂದ ಚಟ್ ಎಂದಿತು. ಸುಟ್ಟ ವಾಸನೆ ಕೋಣೆಯೆಲ್ಲ ಹರಡಿತು. ಸಂಗೀತಾ ಓಡಿ ಬಂದು ವೈರು ಕಿತ್ತಳು.

ಪುಣ್ಯಕ್ಕೆ ಕಾರ್ಡು ಉಳಿದಿತ್ತು. ಆದರೆ ಸಂಗೀತಾ ಹೆದರಿದಳು. ಇನ್ನೊಂದು ಸಲ ಕೆಟ್ಟದ್ದನ್ನು ಹಾಕಿ ಒಳಗಿರುವುದನ್ನೆಲ್ಲ ಸುಟ್ಟುಕೊಂಡರೆ ಮತ್ತೆ ಜೋಡಿಸುವ ಶಕ್ತಿ ಮನೆಗಿರಲಿಲ್ಲ. ಕೆಲಸದ ನಡುವೆ ಬಿಡುವಾದಾಗಲೆಲ್ಲ ಓದತೊಡಗಿದಳು, ಜಬೀವುಲ್ಲಾನನ್ನು ಪೀಡಿಸಿ ಕೇಳತೊಡಗಿದಳು. ಸುಟ್ಟುಹೋದ ಡಬ್ಬಿಯ ಪಕ್ಕಕ್ಕೆ ಅಂಟಿಸಿದ್ದ ಚೀಟಿಯ ಸಣ್ಣ ಅಕ್ಷರಗಳನ್ನು ಮೊಬೈಲಿನಲ್ಲಿ ಫೋಟೋ ಹೊಡೆದು ದೊಡ್ಡದು ಮಾಡಿ ಓದಿದಳು. ಒಂದು ಸಂಜೆ ಅಪ್ಪನ ಪಕ್ಕ ಕೂತು ಹೇಳಿದಳು:

“ದಪ್ಪ ಅಕ್ಷರ ನಂಬಬಾರದಂತೆ ಅಪ್ಪಾಜಿ. ಕಾರ್ಡಿಗೂ ಪ್ರೊಸೆಸರ್‌ಗೂ ಹೋಗೋದು ಹನ್ನೆರಡು ವೋಲ್ಟಿನ ಲೈನು. ಅದೊಂದರಲ್ಲಿ ಎಷ್ಟು ವಾಟ್ ಬರ್ತದೆ ಅನ್ನೋದೇ ಲೆಕ್ಕ. ಇದ್ರಲ್ಲಿ ಮುನ್ನೂರೂ ಬರ್ತಿರ್ಲಿಲ್ಲ. ನಮ್ಮ ಕಾರ್ಡು ಒಂದೇ ಇನ್ನೂರು ದಾಟ್ತದೆ, ಭಾರ ಬಿದ್ದಾಗ ಒಂದೊಂದು ಕ್ಷಣ ಅದಕ್ಕಿಂತ ಜಾಸ್ತಿ ಎಳೀತದಂತೆ.”

“ಅಂದ್ರೆ, ಹತ್ತು ಟನ್ ಹೊರಾಕೆ ಪಾಸಿಂಗ್ ಇರೋ ಗಾಡಿಗೆ ಹದಿನಾರು ಟನ್ ಬೋರ್ಡ್ ಬರ್ಸಿದ್ರು ಅನ್ನು.”

“ಹೂಂ. ಹಂಗೇ.”

“ಬಯಲಲ್ಲಿ ಹೋಯ್ತದೆ. ಘಾಟೀಲಿ ಗೊತ್ತಾಯ್ತದೆ” ಎಂದು ಅವನು ತಲೆದೂಗಿದ.

ಕಾರ್ಡು, ಪ್ರೊಸೆಸರು, ಫ್ಯಾನು, ಉಳಿದದ್ದು ಎಲ್ಲ ಸೇರಿ ಮುನ್ನೂರೈವತ್ತರ ಆಸುಪಾಸು. ಯಾವ ಡಬ್ಬಿಯನ್ನೂ ಪೂರ್ತಿ ದುಡಿಸಬಾರದು, ಮೇಲೆ ಅರ್ಧದಷ್ಟಾದರೂ ಬಿಡುವಿರಬೇಕು. ಹಾಗಾಗಿ ಐನೂರೈವತ್ತು ಸಾಕು, ಆರುನೂರೈವತ್ತಾದರೆ ನೆಮ್ಮದಿ. ಪರೀಕ್ಷೆ ಮಾಡಿ ಮುದ್ರೆ ಒತ್ತಿದ ಒಳ್ಳೆಯ ಕಂಪನಿಯದೇ ಆಗಬೇಕು. ಸಂಗೀತಾ ಅಷ್ಟೂ ತೀರ್ಮಾನಿಸಿ ಆರ್ಡರ್ ಹಾಕಿದಳು. ಮೊದಲು ಬಂದ ಪಾರ್ಸೆಲ್ಲಿನಲ್ಲಿ ಬೇರೆಯದೇನೋ ಇತ್ತು. ವಾಪಸ್ ಕಳಿಸಿದ್ದಾಯಿತು. ಮತ್ತೆ ಹಾಕಿದ ಮೇಲೆ ಸ್ಟಾಕ್ ಇಲ್ಲವೆಂದು ಮುಂದೂಡಿದರು. ದೀಪಾವಳಿಗೆ ಬರಬೇಕಾದದ್ದು ಸಂಕ್ರಾಂತಿ ಕಳೆದರೂ ಬರಲಿಲ್ಲ.

ಆ ನಡುವೆ ಒಂದು ಬೆಳಿಗ್ಗೆ ರುದ್ರಮೂರ್ತಿ ಮುಖ ತೊಳೆದು ತಲೆಯೆತ್ತಿದಾಗ ಬಲಗಣ್ಣಿನೊಳಗೆ ಹೊಗೆಯ ಎಳೆಯೊಂದು ತೇಲುತ್ತಿತ್ತು. ಒಲೆಯ ಹೊಗೆಯಿರಬೇಕೆಂದು ಕಣ್ಣೊರೆಸಿಕೊಂಡ. ಹೋಗಲಿಲ್ಲ. ಕಣ್ಣು ಹೊರಳಿಸಿದ ಕಡೆಗೆ ಅದೂ ಹೊರಳುತ್ತಿತ್ತು. ಕೆಲವು ದಿನಗಳಲ್ಲಿ ಎಳೆ ಬಲೆಯಾಯಿತು.

ಅವನು ಯಾರಿಗೂ ಹೇಳಲಿಲ್ಲ.

ಹೇಳಬಹುದಿತ್ತು. ಹೆಂಡತಿ ಪಕ್ಕದಲ್ಲೇ ಇದ್ದಳು, ಮಗಳು ದಿನಾ ಸಂಜೆ ಬಂದು “ಕಣ್ಣು ಹೆಂಗೈತೆ ಅಪ್ಪಾಜಿ?” ಎಂದು ಕೇಳುತ್ತಿದ್ದಳು. ಆದರೆ ಹಿಂದಿನ ಸಲ ಶಿವಮೊಗ್ಗದ ಡಾಕ್ಟರು, ಕಂಪ್ಯೂಟರ್ ನೋಡಬಹುದಾ ಎಂದು ಇವನು ಕೇಳಿದ್ದಕ್ಕೆ, “ಈ ವಯಸ್ಸಲ್ಲಿ ನಿಮಗ್ಯಾಕ್ರೀ ಅದೆಲ್ಲಾ, ಕಣ್ಣು ದಣಿಸ್ಕೋಬೇಡಿ” ಎಂದು ನಕ್ಕಿದ್ದರು. ಅವರು ಸುಮ್ಮನೆ ಹೇಳಿದ ಮಾತು. ರುದ್ರಮೂರ್ತಿ ಅದನ್ನು ಎದೆಯಲ್ಲಿಟ್ಟುಕೊಂಡ. ಹೊಗೆಯ ಸುದ್ದಿ ಹೇಳಿದರೆ ಸಂಗೀತಾ ಅವತ್ತೇ ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಾಳೆ. ಅವರು ಬೇಡವೆಂದರೆ ಸ್ಟೇರಿಂಗು ಬಿಚ್ಚಿ ಅಟ್ಟಕ್ಕೆ ಹಾಕುತ್ತಾಳೆ. ಒಂದು ಸಲ, ಒಂದೇ ಒಂದು ಸಲ ಘಾಟಿ ಹತ್ತಿಸಿಬಿಟ್ಟರೆ ಸಾಕು, ಆಮೇಲೆ ಎಲ್ಲಿಗೆ ಬೇಕಾದರೂ ಬರುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡ.

ಇಂಜೆಕ್ಷನ್ನಿನ ದಿನ ಬಂದಾಗ ಅವನು ಸುಳ್ಳು ಹೇಳಿದ. “ಆಸ್ಪತ್ರೆಯವ್ರು ಫೋನ್ ಮಾಡಿದ್ರು. ಡಾಕ್ಟ್ರು ರಜೆ ಅಂತೆ. ಮುಂದಿನ ತಿಂಗಳು ಬರ್ಬೇಕಂತೆ.”

ಸಂಗೀತಾಗೆ ಆ ತಿಂಗಳು ಕೆಲಸ ಬಹಳವಿತ್ತು. ನಂಬಿದಳು.

ಪಾರ್ಸೆಲ್ ಬಂದದ್ದು ಬೇಸಿಗೆ ಶುರುವಾದ ಮೇಲೆ. ಜಬೀವುಲ್ಲಾ ತರೀಕೆರೆಯಿಂದ ತಾನೇ ಬಂದು ಕೂರಿಸಿಕೊಟ್ಟ. ಈ ಡಬ್ಬಿ ಇಟ್ಟಿಗೆಯಂತೆ ಭಾರವಾಗಿತ್ತು. ಸಂಗೀತಾ ಮೊದಲು ತಾನೇ ಲಾರಿಯನ್ನು ಹೇಗೋ ಎಬ್ಬಿಸಿ ಏರಿನ ಬುಡಕ್ಕೆ ತಂದಳು, ಒಂದು ತಿರುವು, ಎರಡು ತಿರುವು, ಬಂಡೆಗೆ ಗುದ್ದಿಸಿ, ಮತ್ತೆ ಹಿಂದಕ್ಕೆ ತೆಗೆದು, ಇನ್ನೂ ಮೇಲಕ್ಕೆ. ಕಂಪ್ಯೂಟರ್ ಸದ್ದಿಲ್ಲದೆ ಓಡಿತು. ಅವಳು ಕೂತಲ್ಲೇ ಚಪ್ಪಾಳೆ ಹೊಡೆದಳು.

“ಬಾ ಅಪ್ಪಾಜಿ! ಈಗ ಎಷ್ಟು ಭಾರ ಬೇಕಾದ್ರೂ ಹಾಕು.”

ರುದ್ರಮೂರ್ತಿ ಮೇಜನ್ನು ಹಿಡಿದುಕೊಂಡು ಬಂದು ಕೂತ. ಸ್ಟೇರಿಂಗು ಕೈಗೆ ಸಿಕ್ಕಿತು. ಕಾಲು ಪೆಡಲು ಹುಡುಕಿಕೊಂಡಿತು. ಎಂಜಿನ್ನಿನ ಸದ್ದು ಸರಿಯಾಗಿತ್ತು; ಯಾವ ಗೇರಿನಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳುವಷ್ಟು ಸರಿಯಾಗಿತ್ತು. ಕಣ್ಣೆದುರಿಗೆ ಮಾತ್ರ ಮಾಸಲು ಕೆಂಪಿನ ಮಂಜು, ಅದರ ಹಿಂದೆ ಅಲ್ಲೊಂದು ಇಲ್ಲೊಂದು ಬೂದು ಗೆರೆ. ಅವನು ಕಣ್ಣು ಕಿರಿದು ಮಾಡಿದ. ತಲೆಯನ್ನು ಅತ್ತ ಇತ್ತ ಓರೆ ಮಾಡಿ ಎಡಗಣ್ಣಿನ ಅಂಚಿನಲ್ಲಿ ಹಿಡಿಯಲು ನೋಡಿದ. ಲಾರಿ ಎಲ್ಲೋ ಉಜ್ಜುತ್ತಾ ಹೋಗುತ್ತಿತ್ತು.

“ಲೈಟ್ ಹಾಕವ್ವಾ” ಎಂದ. “ಕತ್ಲಾಗೈತೆ.”

ಸಂಗೀತಾ ಪರದೆಯನ್ನು ನೋಡಿದಳು, ಅಪ್ಪನ ಕಣ್ಣನ್ನು ನೋಡಿದಳು.

“ಹೆಡ್‌ಲೈಟು ಯಾವ ಬಟನ್ನು? ಘಾಟೀಲಿ ಲೈಟಿಲ್ದೆ ಹೋಗಬಾರ್ದು.”

“ಅಪ್ಪಾಜಿ,” ಎಂದಳು ಅವಳು ಮೆಲ್ಲಗೆ, “ಅಲ್ಲಿ ಮಟಮಟ ಮಧ್ಯಾಹ್ನ.”

ಅವನ ಕೈ ಸ್ಟೇರಿಂಗಿನ ಮೇಲೆಯೇ ಇತ್ತು. ಎಂಜಿನ್ ಗುರುಗುಡುತ್ತಲೇ ಇತ್ತು. ಜಬೀವುಲ್ಲಾ ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡು, ಬಾಗಿಲ ಹತ್ತಿರ ಹಾಲಮ್ಮನಿಗೆ ಕೈಮುಗಿದು ಹೋದ.

ಮಾರನೆಯ ದಿನವೇ ಶಿವಮೊಗ್ಗಕ್ಕೆ ಹೋದರು. ಕಣ್ಣಿನೊಳಗೆ ರಕ್ತ ಇಳಿದಿದೆ, ಪರೆ ಬೆಳೆದು ಹಿಂದಿನ ಪದರವನ್ನು ಎಳೆದುಬಿಟ್ಟಿದೆ ಎಂದರು. ಆಪರೇಶನ್ ಮಾಡಿದರು. ಬಲಗಣ್ಣಿಗೆ ಬೆಳಕು ಕತ್ತಲೆ ಗೊತ್ತಾಗುವಷ್ಟು ಉಳಿಯಿತು. ಎಡಗಣ್ಣಿಗೆ ನೆರಳುಗಳು. “ಇಂಜೆಕ್ಷನ್ ತಪ್ಪಿಸಬಾರದಿತ್ತು” ಎಂದರು ಡಾಕ್ಟರು ಫೈಲು ತಿರುವುತ್ತಾ. “ನೀವೇ ರಜೆ ಇದ್ರಂತಲ್ಲ?” ಎಂದಳು ಸಂಗೀತಾ. ಡಾಕ್ಟರು ಅವಳ ಮುಖ ನೋಡಿದರು. ಅವಳು ಅಪ್ಪನ ಕಡೆ ತಿರುಗಿದಳು. ಅವಳು ತಿರುಗಿದ್ದು ಅವನಿಗೆ ಕಾಣಲಿಲ್ಲ. ಆದರೆ ಫೈಲಿನ ಹಾಳೆ ತಿರುವುವ ಸದ್ದು ನಿಂತದ್ದು ಕೇಳಿಸಿತು.

ಹಾಲಮ್ಮ ಮನೆಯಲ್ಲಿ ದಿನಗಟ್ಟಲೆ ಅತ್ತಳು, ಬೈದಳು. “ಆಟದ ಗಾಡಿಗೆ ಕಣ್ಣು ಕೊಟ್ಬಿಟ್ರಲ್ರೀ! ಕೂಸೂ ಹಂಗೆ ಮಾಡಾಕಿಲ್ಲ!” ಸಂಗೀತಾ ಬೈಯಲಿಲ್ಲ. ಅವಳು ಒಳಗೊಳಗೇ ತನ್ನನ್ನೇ ಬೈದುಕೊಳ್ಳುತ್ತಿದ್ದಾಳೆಂದು ಅವನಿಗೆ ಅವಳ ಹೆಜ್ಜೆ ಸದ್ದಿನಲ್ಲೇ ತಿಳಿಯುತ್ತಿತ್ತು. ಒಂದು ದಿನ ಕಣ್ಣಿಗೆ ಔಷಧಿ ಹಾಕುತ್ತಾ ಅವಳೇ ಬಾಯಿಬಿಟ್ಟಳು.

“ಮೊದಲ್ನೇ ಸಲಾನೇ ಆ ಸಣ್ಣ ಅಕ್ಷರ ಓದಿದ್ದಿದ್ರೆ ಮಳೆಗಾಲ್ದಲ್ಲೇ ಸರಿಯಾಗ್ತಿತ್ತು ಅಪ್ಪಾಜಿ. ಆಗ ನಿಂಗೆ ಚೆನ್ನಾಗಿ ಕಾಣ್ತಿತ್ತು. ನೀನೂ ಸುಳ್ಳು ಹೇಳ್ತಿರ್ಲಿಲ್ಲ.”

“ನಿಂದೇನೂ ತಪ್ಪಿಲ್ಲ ಕಣವ್ವಾ.”

“ನಂಗೆ ಒಂದು ಮಾತು ಹೇಳ್ಬೋದಿತ್ತಲ್ಲ? ಹೇಳಿದ್ರೆ ನಾನು ಕಂಪ್ಯೂಟರ್ ಬೇಡ ಅಂತಿದ್ನಾ?”

“ಅಂತಿದ್ದೆ” ಎಂದ.

ಅವಳು ಔಷಧಿಯ ಮುಚ್ಚಳ ತಿರುಗಿಸಿ ಎದ್ದಳು.

ಮಹಬೂಬ್ ಸಾಬರು ಒಮ್ಮೆ ಬಂದರು. “ನಾನು ಓಡಿಸ್ತೀನಿ ಮೂರ್ತಣ್ಣ, ನೀನು ಪಕ್ಕದಲ್ಲಿ ಕೂತ್ಕೋ, ಮುಂಚಿನಂಗೆ” ಎಂದು ಸ್ಟೇರಿಂಗು ಹಿಡಿದರು. ದಾರಿಯನ್ನು ಬಾಯಲ್ಲಿ ಹೇಳುತ್ತಾ ಹೋದರು: ಎಡಕ್ಕೊಂದು ಸೇತುವೆ, ಬಲಕ್ಕೆ ಢಾಬಾ, ಈಗ ಏರು ಬಂತು, ಮೊದಲ ತಿರುವು. ಮುಂಚೆ ಅವರು ಓಡಿಸುವಾಗ ರುದ್ರಮೂರ್ತಿ ಸೀಟಿನ ಹಿಂದೆ ನಿಶ್ಚಿಂತೆಯಾಗಿ ಗೊರಕೆ ಹೊಡೆಯುತ್ತಿದ್ದ. ಈಗ ಅವನು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಕೂತಿದ್ದ. ಘಾಟಿಯ ಅರ್ಧಕ್ಕೆ ಬರುವಷ್ಟರಲ್ಲಿ ಅವನ ಹಣೆ ಬೆವರಿತ್ತು.

“ಸಾಕು ಸಾಬ್ರೇ, ಆಫ್ ಮಾಡಿ” ಎಂದ.

“ಯಾಕಣ್ಣಾ? ಇನ್ನೇನು ಮೇಲಕ್ಕೆ ಬಂದ್ಬಿಟ್ವಿ.”

“ಬೇಡ. ಆಫ್ ಮಾಡ್ರಿ.”

ಸಾಬರು ಆಫ್ ಮಾಡಿದರು. ಇಬ್ಬರೂ ಹಾಲಮ್ಮ ತಂದಿಟ್ಟ ಸಕ್ಕರೆಯಿಲ್ಲದ ಚಹಾ ಕುಡಿದರು. ಆಮೇಲೆ ಸಾಬರು ಬರುವುದು ಕಡಿಮೆಯಾಯಿತು. ಅವರಿಗೂ ವಯಸ್ಸಾಗಿತ್ತು, ಅಲ್ಲದೆ ಬಂದರೆ ಏನು ಮಾತಾಡುವುದು?

ಸ್ಟೇರಿಂಗನ್ನು ಸಂಗೀತಾ ಜಬೀವುಲ್ಲಾನಿಗೆ ವಾಪಸ್ ಕೊಟ್ಟಳು. ಕೊಳ್ಳುವವರು ಯಾರೂ ಬಂದಿಲ್ಲವೆಂದು ಅವನು ಹೇಳುತ್ತಿರುತ್ತಾನೆ. ಕಂಪ್ಯೂಟರ್ ಮನೆಯಲ್ಲೇ ಉಳಿಯಿತು. ರಜೆಯ ದಿನ ಅವಳು ಅದರಲ್ಲಿ ಯಾರದೋ ಅರ್ಜಿ ಟೈಪ್ ಮಾಡುತ್ತಾಳೆ. ಅಷ್ಟು ಹಗುರ ಕೆಲಸಕ್ಕೆ ಅಷ್ಟು ವಾಟ್ ಬೇಕಿಲ್ಲ.

ಕಳೆದ ಸಲ ಶಿವಮೊಗ್ಗಕ್ಕೆ ಹೋದಾಗ ಡಾಕ್ಟರು ಟಾರ್ಚು ಹಿಡಿದು ಎರಡೂ ಕಣ್ಣು ನೋಡಿ, ಇನ್ನು ತಿಂಗಳು ತಿಂಗಳು ಬರುವುದು ಬೇಡ, ನೋವು ಬಂದರೆ ಬನ್ನಿ, ಇಲ್ಲವಾದರೆ ವರ್ಷಕ್ಕೊಮ್ಮೆ ಸಾಕು ಎಂದರು. ದೂರದಿಂದ ಬರುವವರಿಗೆ ಅನುಕೂಲ ಮಾಡಿಕೊಟ್ಟವರಂತೆ ಹೇಳಿದರು. ಹಾಲಮ್ಮ ಒಳ್ಳೆಯದಾಯಿತೆಂದು ಕೈಮುಗಿದಳು. ಉಳಿಸಿಕೊಳ್ಳಲು ಇನ್ನೇನೂ ಇಲ್ಲವೆಂಬ ಅರ್ಥ ರುದ್ರಮೂರ್ತಿಗೆ ಆಯಿತು, ಮಗಳಿಗೂ ಆಯಿತು. ಅವಳು ಅವನ ಮೊಣಕೈ ಹಿಡಿದು ಹೊರಗೆ ಕರೆತಂದಳು.

“ಮೆಟ್ಟಿಲು ಐತೆ ಅಪ್ಪಾಜಿ.”

ಅವನು ನಿಂತು, ಒಂದು ಕಾಲು ಮುಂದೆ ಚಾಚಿ, ಮೆಟ್ಟಿಲಿನ ಅಂಚು ಎಲ್ಲಿದೆಯೆಂದು ತಡಕಿದ.